ನಂದಿ ಬೆಟ್ಟ ನಡೆಯತೊಡಗಿದಾಗ

ನಮ್ಮ ಯಂತ್ರದ ಕೆಲಸವನ್ನು ಹೇಳುವುದು ಸುಲಭ. ರೇಡಾರ್ ಪರದೆಯ ಮೇಲೆ ನಿಂತಲ್ಲೇ ನಿಂತಿರುವುದೆಲ್ಲ ಅಳಿಸಿಹೋಗಬೇಕು, ಚಲಿಸುವುದು ಮಾತ್ರ ಉಳಿಯಬೇಕು. ಬೆಟ್ಟ, ನೀರಿನ ಟ್ಯಾಂಕು, ಕಾರ್ಖಾನೆಯ ಚಿಮಣಿ ಹೋಗಬೇಕು, ವಿಮಾನ ಉಳಿಯಬೇಕು. ಅದಕ್ಕಾಗಿ ದೂರವನ್ನು ಚೌಕಾಬಾರದ ಹಾಗೆ ಸಣ್ಣ ಸಣ್ಣ ಮನೆಗಳಾಗಿ ಹಂಚಿಕೊಂಡಿರುತ್ತೇವೆ. ರೇಡಾರ್ ಒಂದೊಂದು ಸಲ ಕೂಗು ಹಾಕಿದಾಗಲೂ ಒಂದೊಂದು ಮನೆಯಿಂದ ಒಂದೊಂದು ಮಾರ್ದನಿ ಬರುತ್ತದೆ. ಅದೇ ಮನೆಯಿಂದ ಹಿಂದೆ ಎಷ್ಟು ಬಂದಿತ್ತು ಎಂಬ ನೆನಪನ್ನು ಮೆಮೊರಿಯಿಂದ ತೆಗೆದು, ಈಗ ಬಂದದ್ದರಿಂದ ಕಳೆದು, ಹೊಸ ನೆನಪನ್ನು ಮತ್ತೆ ಅದೇ ಮನೆಗೆ ಬರೆದಿಡಬೇಕು. ಅಲುಗಾಡದೆ ಕೂತದ್ದು ಕಳೆದು ಸೊನ್ನೆಯಾಗುತ್ತದೆ. ಓಡಾಡುವುದು ಮಾತ್ರ ಕಣ್ಣಿಗೆ ಬೀಳುತ್ತದೆ.

ಇದು ಎಂಬತ್ತರ ದಶಕದ ಆರಂಭದ ಮಾತು. ಹೆಬ್ಬಾಳ ದಾಟಿದ ಮೇಲೆ, ಬಳ್ಳಾರಿ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಪ್ರಯೋಗಾಲಯವಿತ್ತು. ವಿಭಾಗದಲ್ಲಿ ಮುಖ್ಯಸ್ಥರನ್ನು ಸೇರಿಸಿ ನಾಲ್ಕೇ ಜನ ಎಂಜಿನಿಯರುಗಳು. ಮಾರ್ದನಿಯನ್ನು ಅಂಕಿಗಳಾಗಿ ಮಾಡುವ ಬೋರ್ಡು ಒಬ್ಬರದು, ಮೆಮೊರಿ ಬೋರ್ಡು ಇನ್ನೊಬ್ಬರದು, ನಡುವಿನ ಲೆಕ್ಕದ ಬೋರ್ಡು ನನ್ನದು. ಅವರು ಮೂವರೂ ಬೆಂಗಳೂರಿನವರೇ. ನಾನು ಬಿಜಾಪುರದವಳು, ಆರ್.ಟಿ. ನಗರದಲ್ಲಿ ಒಂದು ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ನಾಲ್ವರಲ್ಲಿ ಹೆಂಗಸು ನಾನೊಬ್ಬಳೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನನಗಿಂತ ಮೊದಲು ಅಲ್ಲಿ ಇನ್ನೊಬ್ಬ ಮಹಿಳೆ ಇದ್ದರು. ಒಂದು ಬೋರ್ಡು ಸರಿಹೋಗಲಿಲ್ಲ ಎಂಬ ಕಾರಣಕ್ಕೆ ಅವರನ್ನು ಮೇಲಿನ ಮಹಡಿಯ ಡಾಕ್ಯುಮೆಂಟೇಶನ್ ವಿಭಾಗಕ್ಕೆ ಕಳಿಸಿದ್ದರು. ಬೇರೆಯವರು ಮಾಡಿದ ಸರ್ಕ್ಯೂಟುಗಳ ವಿವರಣೆಯನ್ನು ಟೈಪಿಗೆ ಸಿದ್ಧಮಾಡುವುದು ಅಲ್ಲಿನ ಕೆಲಸ. ಮೆಟ್ಟಿಲಲ್ಲಿ ಎದುರಾದರೆ ನಗುತ್ತಿದ್ದರು. ಒಮ್ಮೆ ನನ್ನ ಕೈಯಲ್ಲಿದ್ದ ಬೋರ್ಡನ್ನು ಕೇಳಿ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ಪಿನ್ನುಗಳ ಮೇಲೆ ಹೆಬ್ಬೆರಳು ಆಡಿಸಿ ವಾಪಸು ಕೊಟ್ಟರು. ಆ ದಿನದಿಂದ ನನಗೆ ಆ ಮಹಡಿಯೆಂದರೆ ಹೆದರಿಕೆ.

ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ಮುಖ್ಯಸ್ಥರು ನನ್ನನ್ನು ಕರೆದು ವಿಷಯ ಹೇಳಿದರು. ಯಂತ್ರ ಕೊಳ್ಳುವವರಿಗೆ ದೂರದ ಲೆಕ್ಕ ಇನ್ನೂ ಸೂಕ್ಷ್ಮವಾಗಿ ಬೇಕಂತೆ, ಅಂದರೆ ಅದೇ ದೂರದಲ್ಲಿ ಎರಡರಷ್ಟು ಮನೆಗಳು. ಮನೆಗಳು ಎರಡರಷ್ಟಾದರೆ, ಬೋರ್ಡುಗಳಿಗೆಲ್ಲ ಹೆಜ್ಜೆ ಹೆಜ್ಜೆಗೂ ತಾಳ ಹಾಕುವ ಕ್ಲಾಕ್ ಎರಡು ಪಟ್ಟು ವೇಗವಾಗಿ ಬಡಿಯಬೇಕು. ನನ್ನ ಬೋರ್ಡು ಆ ವೇಗವನ್ನು ತಡೆದುಕೊಳ್ಳುತ್ತಿರಲಿಲ್ಲ. ಮಳೆಗಾಲ ಮುಗಿದ ಕೂಡಲೇ ಅವರ ಅಧಿಕಾರಿಗಳು ಯಲಹಂಕದ ಆಚೆಯ ನಮ್ಮ ಫೀಲ್ಡ್ ಶೆಡ್ಡಿಗೆ ಪರೀಕ್ಷೆಗೆ ಬರುವವರಿದ್ದರು. ಅಷ್ಟರೊಳಗೆ ಆಗದಿದ್ದರೆ ಲೆಕ್ಕದ ಬೋರ್ಡನ್ನು ಹೊರದೇಶದಿಂದ ತರಿಸಿ ಕೂರಿಸುತ್ತೇವೆ, ನಿಮಗೆ ಮೇಲಿನ ಮಹಡಿಯಲ್ಲಿ ಒಂದು ಒಳ್ಳೆಯ ಜಾಗ ಮಾಡಿಸಿಕೊಡುತ್ತೇನೆ ಎಂದರು. ಬೆದರಿಕೆಯಾಗಿ ಹೇಳಿದ್ದಲ್ಲ. ಫ್ಯಾನಿನ ಕೆಳಗಿನ ಕುರ್ಚಿ ಹೆಣ್ಣುಮಗಳಿಗೆ ಹಿತವಾಗಿರುತ್ತದೆ ಎಂದು ನಿಜವಾಗಿಯೂ ನಂಬಿದ್ದರು.

ಹಳೆಯ ವಿನ್ಯಾಸದಲ್ಲಿ ನೆನಪು ತೆಗೆಯುವುದು, ಹಳೆಯದಕ್ಕೆಷ್ಟು ಹೊಸದಕ್ಕೆಷ್ಟು ತೂಕವೆಂದು ಗುಣಿಸುವುದು, ಕೂಡಿ ಕಳೆಯುವುದು, ಬರೆಯುವುದು ಇಷ್ಟೂ ಕೆಲಸ ಕ್ಲಾಕಿನ ಒಂದೇ ಬಡಿತದೊಳಗೆ ಮುಗಿಯಬೇಕಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತನ್ನು ಗುಣಿಸುವ ಚಿಪ್ಪೇ ನುಂಗುತ್ತಿತ್ತು. ಬಿಸ್ಕತ್ತಿನಷ್ಟು ಉದ್ದದ ಆ ಚಿಪ್ಪು ಕೆಲಸಕ್ಕೆ ನಿಂತರೆ ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು. ಅದಕ್ಕಿಂತ ಚುರುಕಾದದ್ದು ನಮಗೆ ಸಿಗುವಂತಿರಲಿಲ್ಲ. ಉಳಿದ ದಾರಿ ಒಂದೇ: ಕೆಲಸವನ್ನು ತುಂಡು ಮಾಡಿ, ತುಂಡು ತುಂಡಿನ ನಡುವೆ ರಿಜಿಸ್ಟರ್ ಎಂಬ ಒಂದು ತಂಗುದಾಣ ಇಟ್ಟು, ಒಂದೊಂದು ಬಡಿತಕ್ಕೆ ಒಂದೊಂದು ತುಂಡು ಮಾಡಿಸುವುದು.

ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಬ್ಬಳೇ ಕೂತು ಒಂದು ರೊಟ್ಟಿ ಬಡಿದು, ಬೇಯಿಸಿ, ಬುಟ್ಟಿಗೆ ಹಾಕಿ, ಆಮೇಲೆ ಇನ್ನೊಂದಕ್ಕೆ ಹಿಟ್ಟು ಹಿಡಿದರೆ ಊಟದ ಹೊತ್ತು ಮೀರುತ್ತದೆ. ಅವ್ವ ಬಡಿದು, ಅತ್ತಿಗೆ ಹಂಚಿಗೆ ಹಾಕಿ, ಅಕ್ಕ ಕೆಂಡದಲ್ಲಿ ಸುಟ್ಟು ತೆಗೆದರೆ ಮೊದಲ ರೊಟ್ಟಿ ಬುಟ್ಟಿಗೆ ಬೀಳುವುದು ಒಂಚೂರು ತಡವಾದರೂ ಆಮೇಲೆ ಒಂದರ ಹಿಂದೊಂದು ಬೀಳುತ್ತಲೇ ಇರುತ್ತದೆ. ಆ ಮೊದಲಿನ ತಡಕ್ಕೆ ನಮ್ಮವರು ಲೇಟೆನ್ಸಿ ಎನ್ನುತ್ತಿದ್ದರು. ತಡವಾದರೆ ನಷ್ಟವಿಲ್ಲ. ಆದರೆ ಬರುವ ರೊಟ್ಟಿ ಯಾರ ತಟ್ಟೆಯದು ಎಂಬ ಸರದಿಯೂ ಅಷ್ಟೇ ತಡವಾಗಿ ಸರಿಯಬೇಕು. ಒಂದು ಬಡಿತ ತಪ್ಪಿದರೂ ಸಾಲಿನಲ್ಲಿ ಕೂತ ಎಲ್ಲರಿಗೂ ಪಕ್ಕದವರ ರೊಟ್ಟಿ. ನನ್ನ ಬೋರ್ಡಿನಲ್ಲಿ ಈ ಸರದಿಯೆಂದರೆ ಉತ್ತರವನ್ನು ಯಾವ ಮನೆಗೆ ಬರೆಯಬೇಕೆಂಬ ವಿಳಾಸ. ಮೆಮೊರಿ ಬೋರ್ಡಿನ ನಕ್ಷೆಯನ್ನು ಮುಂದಿಟ್ಟುಕೊಂಡು ಎಲ್ಲೆಲ್ಲಿ ಎಷ್ಟು ತಡವಾಗುತ್ತದೆಂದು ಎಣಿಸಿ, ವಿಳಾಸವನ್ನೂ ಅಷ್ಟೇ ತಡಮಾಡಿಸಿದೆ.

ಈಗ ಟೀ ಅಂಗಡಿಯ ವಿಷಯ ಹೇಳಬೇಕು, ಏಕೆಂದರೆ ನಮ್ಮ ವಿಭಾಗದ ನಿಜವಾದ ಕಾರ್ಯಾಲಯ ಅದೇ ಆಗಿತ್ತು. ಗೇಟಿನ ಎದುರು, ಹೊಂಗೆ ಮರದ ಕೆಳಗೆ ಒಂದು ಪೆಟ್ಟಿಗೆ ಅಂಗಡಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮುಖ್ಯಸ್ಥರನ್ನೂ ಸೇರಿಸಿ ಮೂವರೂ ಅಲ್ಲಿಗೆ ಹೋಗುತ್ತಿದ್ದರು. ಯಾವ ಚಿಪ್ಪು ತರಿಸುವುದು, ಯಾವ ತಂತಿ ಬದಲಿಸುವುದು, ಯಾರ ಬೋರ್ಡಿನಲ್ಲಿ ಏನು ಸೇರಿಸುವುದು ಎಲ್ಲ ಅಲ್ಲಿ ನಿಂತುಕೊಂಡೇ ತೀರ್ಮಾನವಾಗುತ್ತಿತ್ತು. ನಕ್ಷೆಯಲ್ಲಿ ಅದು ಕಾಣಿಸಿಕೊಳ್ಳುವುದು ಯಾವಾಗಲೋ, ಕೆಲವೊಮ್ಮೆ ಯಾವಾಗಲೂ ಇಲ್ಲ. ನನಗೆ ಕ್ಯಾಂಟೀನಿನಿಂದ ಟೇಬಲ್ಲಿಗೇ ಟೀ ಬರುತ್ತಿತ್ತು. ಅದು ಮರ್ಯಾದೆ.

ಸೇರಿದ ಹೊಸದರಲ್ಲಿ ಒಮ್ಮೆ ನಾನೂ ಹೊರಟೆ. ಯಾರೂ ಬೇಡ ಎನ್ನಲಿಲ್ಲ. ಆದರೆ ನಾನು ಮರದ ಕೆಳಗೆ ಹೋಗಿ ನಿಂತೊಡನೆ ಸಿಗರೇಟುಗಳು ಕೆಳಗೆ ಬಿದ್ದವು, ಬೆನ್ನುಗಳು ನೆಟ್ಟಗಾದವು, ಗುರು ಗುರು ಎಂದು ಒಬ್ಬರನ್ನೊಬ್ಬರು ಕರೆದು ನಗುತ್ತಿದ್ದವರು ನೀವು ತಾವು ಎನ್ನತೊಡಗಿದರು. ಊರಲ್ಲಿ ಮಳೆ ಹೇಗೆ ಎಂದು ನನ್ನನ್ನು ಕೇಳಿದರು. ಅಂಗಡಿಯವನು ಲೋಟವನ್ನು ಎರಡೆರಡು ಸಲ ತೊಳೆದು ಕೊಟ್ಟ. ಬಿಸಿ ಟೀಯನ್ನು ಎಲ್ಲರೂ ಗಟಗಟನೆ ಕುಡಿದು ವಾಪಸು ಹೊರಟೆವು. ಅವರ ಬಿಡುವನ್ನು ಕೆಡಿಸಿದೆನಲ್ಲ ಎಂದು ನನಗೇ ಕಸಿವಿಸಿಯಾಗಿ ಮತ್ತೆ ಹೋಗಲಿಲ್ಲ. ಅವರೂ ಮತ್ತೆ ಕರೆಯಲಿಲ್ಲ.

ಹೊಸ ಬೋರ್ಡು ಸಿದ್ಧವಾಗುವಷ್ಟರಲ್ಲಿ ಮಳೆ ಬಲವಾಗಿತ್ತು. ಪಿನ್ನು ಪಿನ್ನಿಗೂ ಕೂದಲೆಳೆಯಂಥ ತಂತಿ ಸುತ್ತಿ ಮಾಡಿದ ಬೋರ್ಡು ಅದು; ಹಿಂಬದಿಯಿಂದ ನೋಡಿದರೆ ಗೀಜಗನ ಗೂಡು. ನನ್ನ ಬೆಂಚಿನ ಮೇಲೆ, ಹಳೆಯ ಮೆಮೊರಿ ಬೋರ್ಡೊಂದನ್ನು ಜೋಡಿಸಿಕೊಂಡು, ನಾನೇ ಮಾಡಿದ ಸುಳ್ಳು ಮಾರ್ದನಿಗಳನ್ನು ಕೊಟ್ಟು ಓಡಿಸಿದೆ. ಹೊಸ ವೇಗದಲ್ಲಿ ಒಂದು ಅಂಕಿಯೂ ತಪ್ಪಲಿಲ್ಲ. ಗಂಟೆಗಟ್ಟಲೆ ಓಡಿಸಿದರೂ ತಪ್ಪಲಿಲ್ಲ. ಸಂತೋಷ ತಡೆಯಲಾರದೆ ತಿರುಗಿ ನೋಡಿದೆ. ಕುರ್ಚಿಗಳೆಲ್ಲ ಖಾಲಿ, ಎಲ್ಲರೂ ಟೀಗೆ ಹೋಗಿದ್ದರು. ಬೋರ್ಡಿಗೇ ಶಾಬಾಸ್ ಹೇಳಿ ಸ್ವಿಚ್ ಆರಿಸಿದೆ.

ಮರುದಿನ ಅದನ್ನು ದೊಡ್ಡ ರ‍್ಯಾಕಿನಲ್ಲಿ, ಬೇರೆ ಬೋರ್ಡುಗಳ ನಡುವೆ ಕೂರಿಸಿದೆವು. ತಾರಸಿಯ ಮೇಲೆ ಒಂದು ಹಳೆಯ ಆಂಟೆನಾ ಇತ್ತು. ಅದನ್ನು ಉತ್ತರಕ್ಕೆ ತಿರುಗಿಸಿ ನಿಲ್ಲಿಸಿದರೆ ನಂದಿ ಬೆಟ್ಟದ ಮಾರ್ದನಿ ಸಿಗುತ್ತಿತ್ತು. ಆಸಿಲೋಸ್ಕೋಪಿನ ಪರದೆಯ ಮೇಲೆ ಒಂದು ಅಡ್ಡ ಗೆರೆ; ಎಡಗಡೆ ನಾವು, ಬಲಕ್ಕೆ ಹೋದಷ್ಟೂ ದೂರ. ಬಲಗಡೆ ಒಂದು ಕಡೆ ಗೆರೆ ಉಬ್ಬಿಕೊಂಡಿದ್ದರೆ ಅದೇ ನಂದಿ ಬೆಟ್ಟ. ನನ್ನ ಬೋರ್ಡು ಆ ಉಬ್ಬನ್ನು ಅಳಿಸಿ ಗೆರೆಯನ್ನು ಸಪಾಟು ಮಾಡಬೇಕು. ಹಳೆಯ ಬೋರ್ಡು, ವೇಗ ಕಡಿಮೆಯಿದ್ದರೂ, ಅದನ್ನು ಸಲೀಸಾಗಿ ಮಾಡುತ್ತಿತ್ತು.

ಹೊಸದನ್ನು ಹಾಕಿದರೆ ಉಬ್ಬು ಅಳಿಯಲಿಲ್ಲ. ಅಳಿಯುವುದಿರಲಿ, ಬೆಟ್ಟ ನಡೆಯತೊಡಗಿತು. ನಿಂತ ಜಾಗದಿಂದ ಅದರ ನೆರಳೊಂದು ಕಳಚಿಕೊಂಡು ಬಲಕ್ಕೆ, ಇನ್ನೂ ಬಲಕ್ಕೆ ತೆವಳಿಕೊಂಡು ಹೋಗಿ ಮಸುಕಾಗುತ್ತಿತ್ತು. ಹಿಂದೆಯೇ ಇನ್ನೊಂದು ಹೊರಡುತ್ತಿತ್ತು. ಮೆಮೊರಿ ಬೋರ್ಡಿನವರು ಸ್ವಲ್ಪ ಹೊತ್ತು ನೋಡಿ, ನಂದಿ ಬೆಟ್ಟ ಚಿಕ್ಕಬಳ್ಳಾಪುರಕ್ಕೆ ಹೊರಟಿದೆ ಎಂದು ನಕ್ಕರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮುಖ್ಯಸ್ಥರು ಮಾತ್ರ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು.

ತಪ್ಪು ನನ್ನದೇ ಎಂದು ನಾನು ನಂಬಿದೆ. ರ‍್ಯಾಕಿನಲ್ಲಿ ಹೊಸದಾಗಿ ಬಂದದ್ದು ನನ್ನ ಬೋರ್ಡು, ವೇಗ ಹೆಚ್ಚಿದ್ದು ನನ್ನ ಬೋರ್ಡಿಗಾಗಿ. ಮೊದಲು ಉದ್ದದ ತಂತಿಗಳ ಮೇಲೆ ಅನುಮಾನ ಬಂತು. ಒಂದೊಂದನ್ನೇ ಬಿಚ್ಚಿ ಗಿಡ್ಡ ಮಾಡಿ ಸುತ್ತಿದೆ. ಬೆಟ್ಟ ನಡೆಯುತ್ತಲೇ ಇತ್ತು. ಆಮೇಲೆ ವಿದ್ಯುತ್ತಿನಲ್ಲಿ ಕಲಬೆರಕೆ ಇದೆಯೆಂದು ಚಿಪ್ಪು ಚಿಪ್ಪಿಗೂ ಕೆಪಾಸಿಟರ್ ಇಟ್ಟೆ. ನಡೆಯುತ್ತಲೇ ಇತ್ತು. ಗುಣಿಸುವ ಚಿಪ್ಪು ಬಿಸಿಯಿಂದ ದಾರಿ ತಪ್ಪುತ್ತಿದೆಯೆಂದು ಟೇಬಲ್ ಫ್ಯಾನನ್ನು ಅದರ ಮುಂದೆ ತಂದಿಟ್ಟೆ. ತಣ್ಣಗಾದ ಚಿಪ್ಪಿನೊಂದಿಗೆ ಬೆಟ್ಟ ಇನ್ನೂ ಹುರುಪಿನಿಂದ ನಡೆಯುತ್ತಿದೆ ಎನ್ನಿಸಿತು. ಬೋರ್ಡನ್ನು ಕಿತ್ತು ಬೆಂಚಿಗೆ ತಂದರೆ ಸುಮ್ಮನೆ ಒಳ್ಳೆಯ ಮಗುವಿನ ಹಾಗೆ ಕೆಲಸ ಮಾಡುತ್ತಿತ್ತು. ರ‍್ಯಾಕಿಗೆ ಹಾಕಿದರೆ ಮತ್ತೆ ಅದೇ ರಂಪ. ತಲೆ ಚಿಟ್ಟು ಹಿಡಿಯಿತು.

ಯಾರನ್ನಾದರೂ ಕೇಳಬಹುದಿತ್ತಲ್ಲ ಎಂದು ಈಗ ಅನ್ನಿಸಬಹುದು. ಕೇಳಿದೆ. ನಿಮ್ಮ ಬೋರ್ಡು ನಕ್ಷೆಯಲ್ಲಿದ್ದಂತೆಯೇ ಇದೆಯಾ ಎಂದು ಕೇಳಲಿಲ್ಲ, ಅಷ್ಟೇ. ಇನ್ನೊಬ್ಬರ ಬೋರ್ಡಿನ ಮೇಲೆ ಅನುಮಾನ ಪಡುವಷ್ಟು ಸಲಿಗೆ ನನಗೆ ಯಾರ ಜೊತೆಯೂ ಇರಲಿಲ್ಲ. ಗ್ರೌಂಡ್ ತಂತಿ ನೋಡಿದಿರಾ ಮೇಡಂ, ಕ್ಲಾಕ್ ನೋಡಿದಿರಾ ಮೇಡಂ ಎಂದು ಅವರು ಸೌಜನ್ಯದಿಂದಲೇ ಹೇಳುತ್ತಿದ್ದರು. ನೋಡಿದೆ ಎಂದರೆ ಪಾಪ ಎನ್ನುವಂತೆ ತಲೆಯಾಡಿಸಿ ತಮ್ಮ ಕೆಲಸಕ್ಕೆ ತಿರುಗುತ್ತಿದ್ದರು.

ಆ ವಾರಗಳಷ್ಟು ಒಂಟಿತನವನ್ನು ನಾನು ಹಿಂದೆ ಕಂಡಿರಲಿಲ್ಲ. ಸಂಜೆ ಬಸ್ಸು ಹತ್ತಿ ಆರ್.ಟಿ. ನಗರಕ್ಕೆ ಟಿಕೆಟ್ ಕೇಳುವುದೇ ಎಷ್ಟೋ ಹೊತ್ತಿನ ಮೇಲೆ ನಾನಾಡುವ ಮೊದಲ ಮಾತು. ಮಧ್ಯಾಹ್ನದಿಂದ ಬಾಯಿ ಬಿಟ್ಟಿರುತ್ತಿರಲಿಲ್ಲ. ಭಾನುವಾರ ಜೋಳದ ಹಿಟ್ಟಿನ ನೆಪ ಮಾಡಿಕೊಂಡು ಯಶವಂತಪುರದ ಮಂಡಿಗೆ ಹೋಗುತ್ತಿದ್ದೆ. ಅಲ್ಲಿ ಬಾಗಲಕೋಟೆ ಕಡೆಯವರ ಒಂದು ಅಂಗಡಿಯಿತ್ತು. ಆ ಅಂಗಡಿಯವರು ಏನವ್ವಾ ಹೆಂಗಿದ್ದಿ ಎಂದು ಕೇಳುತ್ತಿದ್ದರು. ನನ್ನ ಕೋಣೆಯಲ್ಲಿ ತಿನ್ನುವವಳು ನಾನೊಬ್ಬಳೇ, ಎರಡು ರೊಟ್ಟಿಗೆ ಎಷ್ಟು ಹಿಟ್ಟು ಬೇಕು? ಆದರೂ ಪ್ರತಿ ವಾರ ಹೋಗಿ ತರುತ್ತಿದ್ದೆ. ಹಳೆಯ ಹಿಟ್ಟು ಡಬ್ಬಿಯಲ್ಲಿ ಹುಳು ಹಿಡಿಯಿತು. ಒಂದು ಭಾನುವಾರ ಆ ಅಂಗಡಿ ಬಾಗಿಲು ಹಾಕಿತ್ತು. ಖಾಲಿ ಚೀಲ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತವಳಿಗೆ ಕಣ್ಣು ತುಂಬಿ ಬಂತು. ಹಿಟ್ಟು ಸಿಗಲಿಲ್ಲವೆಂದು ಅಳುವಷ್ಟು ದಡ್ಡಿ ನಾನಲ್ಲ ಎಂದು ನನಗೇ ಹೇಳಿಕೊಂಡೆ.

ದಾರಿ ಸಿಕ್ಕಿದ್ದು ಜಾಣತನದಿಂದಲ್ಲ, ಸುಸ್ತಿನಿಂದ. ಒಂದು ಬೆಳಿಗ್ಗೆ ಬೇಸತ್ತು ಹೋಗಿ, ವೇಗದ ಸಹವಾಸವೇ ಬೇಡವೆಂದು ಕ್ಲಾಕನ್ನು ಹಳೆಯ ವೇಗಕ್ಕೂ ಕೆಳಗೆ, ತೀರಾ ಕೆಳಗೆ ಇಳಿಸಿಬಿಟ್ಟೆ. ತಂತಿ ಉದ್ದವಾದದ್ದು, ಚಿಪ್ಪು ನಿಧಾನವಾದದ್ದು ಕಾರಣವಾಗಿದ್ದರೆ ಈ ಆಮೆ ವೇಗದಲ್ಲಿ ಎಲ್ಲಕ್ಕೂ ಬೇಕಾದಷ್ಟು ಪುರುಸೊತ್ತು ಸಿಕ್ಕಿ ತಪ್ಪು ಮಾಯವಾಗಬೇಕಿತ್ತು. ಆಗಲಿಲ್ಲ. ಬೆಟ್ಟ ನಡೆಯುತ್ತಲೇ ಇತ್ತು. ಹತ್ತಿರ ಕೂತು ನೋಡಿದೆ. ರೇಡಾರಿನ ಒಂದು ಕೂಗಿಗೆ ಒಂದು ಮನೆ, ಇನ್ನೊಂದು ಕೂಗಿಗೆ ಇನ್ನೊಂದು ಮನೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ವೇಗವಾಗಿ ಓಡಿಸಿದಾಗಲೂ ಅಷ್ಟೇ, ನಿಧಾನ ಮಾಡಿದಾಗಲೂ ಅಷ್ಟೇ. ಇದು ವೇಗದ ರೋಗವಲ್ಲ, ಎಣಿಕೆಯ ರೋಗ. ಒಂದು ಮನೆಯ ನೆನಪು ಪ್ರತಿ ಸಲವೂ ಪಕ್ಕದ ಮನೆಗೆ ಬೀಳುತ್ತಿದೆ. ಎಲ್ಲೋ ಒಂದು ಬಡಿತ ಹೆಚ್ಚಿದೆ.

ನನ್ನ ಬೋರ್ಡಿನೊಳಗೆ ಮತ್ತೆ ಎಣಿಸಿದೆ. ಸರಿಯಿತ್ತು. ಆಗ ಮೊದಲ ಸಲ ಸ್ಕೋಪಿನ ಅಳೆಯುವ ಕಡ್ಡಿಯನ್ನು ಮೆಮೊರಿ ಬೋರ್ಡಿನ ಅಂಚಿಗೆ ಇಟ್ಟೆ. ನಕ್ಷೆ ಹೇಳಿದ್ದಕ್ಕಿಂತ ಒಂದು ಬಡಿತ ತಡವಾಗಿ ಅಂಕಿ ಬರುತ್ತಿತ್ತು. ಮಾರ್ದನಿಯನ್ನು ಅಂಕಿಗಳಾಗಿ ಮಾಡುವ ಬೋರ್ಡಿಗೂ ಇಟ್ಟು ನೋಡಿದೆ. ಅದೂ ಸರಿಯಾಗಿ ಒಂದು ಬಡಿತ ತಡ. ಅಂದರೆ ಅವೆರಡೂ ಮಾತಾಡಿಕೊಂಡ ಹಾಗೆ ಜೊತೆಯಾಗಿ ತಡವಾಗಿದ್ದವು. ಕೂಡುವ ಕಳೆಯುವ ಲೆಕ್ಕವೆಲ್ಲ ಅದರಿಂದಲೇ ಸರಿಯಾಗಿ ಬರುತ್ತಿತ್ತು. ಉತ್ತರವನ್ನು ಬರೆಯುವ ವಿಳಾಸ ಒಂದು ಮಾತ್ರ, ನಾನು ಎಣಿಸಿದ್ದು, ಹಳೆಯ ಲೆಕ್ಕದಲ್ಲೇ ನಿಂತಿತ್ತು.

ಮೆಮೊರಿ ಬೋರ್ಡನ್ನು ಹೊರಗೆಳೆದು ನೋಡಿದರೆ ನಕ್ಷೆಯಲ್ಲಿಲ್ಲದ ಎರಡು ಚಿಪ್ಪುಗಳು ಅಂಚಿನಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ನನ್ನ ಬೆಂಚಿನ ಹಳೆಯ ಬೋರ್ಡಿನಲ್ಲಿ ಅವು ಇರಲಿಲ್ಲ. ಅವರು ಟೀ ಮುಗಿಸಿ ಬರುವವರೆಗೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕಾದೆ. ಬಂದ ಮೇಲೆ ಚಿಪ್ಪುಗಳ ಮೇಲೆ ಬೆರಳಿಟ್ಟು ಕೇಳಿದೆ.

"ಇದನ್ನ ಯಾವಾಗ ಹಾಕಿದ್ರಿ?"

ಮೆಮೊರಿಯವರು ಬಗ್ಗಿ ನೋಡಿದರು. "ಅದಾ? ಆಗ್ಲೇ ಎಷ್ಟೋ ದಿನ ಆಯ್ತಲ್ಲ ಮೇಡಂ. ರ‍್ಯಾಕಿನ ಉದ್ದ ತಂತೀಲಿ ಹೊಸ ಕ್ಲಾಕಿಗೆ ಮೆಮೊರಿ ತಡೀತಿರ್ಲಿಲ್ಲ, ಒಂದು ರಿಜಿಸ್ಟರ್ ಸೇರಿಸ್ದೆ. ಒಂದ್ ಕ್ಲಾಕ್ ಲೇಟಾಗಿ ಬರುತ್ತೆ, ಅಷ್ಟೇ."

"ನನಗ್ಯಾರೂ ಹೇಳಿಲ್ರಿ."

"ಹೇಳಿದ್ವಲ್ಲ. ಅವತ್ತು ಟೀ ಅಂಗಡೀಲಿ ಎಲ್ರೂ ಇದ್ವಲ್ಲ, ಆವಾಗ್ಲೇ..." ಎಂದವರು ಅಲ್ಲಿಗೇ ನಿಂತರು. ಆ ಎಲ್ಲರಲ್ಲಿ ನಾನಿರಲಿಲ್ಲವೆಂಬುದು ಅವರಿಗೆ ಆಗ ಹೊಳೆದಿರಬೇಕು. ಮುಖ ಸಣ್ಣಗಾಯಿತು. "ಸಾರಿ ಕಣ್ರೀ ಮೇಡಂ. ನಿಮಗೂ ಗೊತ್ತಿರುತ್ತೆ ಅಂದ್ಕೊಂಡ್ಬಿಟ್ಟೆ."

ಅವರ ಮೇಲೆ ಕೂಗಾಡಬೇಕೆನ್ನಿಸಿತು. ಆದರೆ ಆ ಮುಖದಲ್ಲಿ ಕುಹಕ ಲವಲೇಶವೂ ಇರಲಿಲ್ಲ. ಕುಹಕವಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು. ಬೇಕೆಂದು ಮುಚ್ಚಿಟ್ಟದ್ದಾಗಿದ್ದರೆ ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡಂತಾದರೂ ಆಗುತ್ತಿತ್ತು. ಇವರು ಮರೆತಿದ್ದರು. ಪರವಾಗಿಲ್ಲ ಬಿಡ್ರಿ ಎಂದು ಹೇಳಿ ನನ್ನ ಟೇಬಲ್ಲಿಗೆ ಬಂದು ಕೂತೆ.

ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಏನು ಮಾಡುವುದೆಂದು ಯೋಚಿಸಿದೆ. ಸುಲಭದ ಪರಿಹಾರ ಒಂದಿತ್ತು. ವಿಳಾಸದ ದಾರಿಯಲ್ಲಿ ಇನ್ನೊಂದು ರಿಜಿಸ್ಟರ್ ಸೇರಿಸಿದರೆ ಬೆಟ್ಟ ನಿಲ್ಲುತ್ತಿತ್ತು. ಒಂದು ದಿನದ ಕೆಲಸ. ಮುಖ್ಯಸ್ಥರಿಗೆ ದೂರು ಕೊಡುವುದು ಇನ್ನೊಂದು ದಾರಿ. ಆದರೆ ಮುಖ್ಯಸ್ಥರೂ ಆ ದಿನ ಅದೇ ಮರದ ಕೆಳಗೆ ಟೀ ಕುಡಿದವರೇ. ಅವರು ಎಲ್ಲರನ್ನೂ ಕರೆದು ಇನ್ನು ಮುಂದೆ ಮೇಡಂಗೆ ಹೇಳಿ ಎಂದು ಅಪ್ಪಣೆ ಮಾಡುತ್ತಾರೆ. ಒಂದು ವಾರ ಹೇಳುತ್ತಾರೆ. ಆಮೇಲೆ ಮರೆಯುತ್ತಾರೆ. ಪರೀಕ್ಷೆಯ ಹಿಂದಿನ ದಿನ ಮರೆತರೆ? ಅಧಿಕಾರಿಗಳ ಎದುರು ಬೆಟ್ಟ ಹೊರಟರೆ ಯಾರ ಬೋರ್ಡಿನಿಂದ ಎಂದು ಯಾರೂ ವಿಚಾರಿಸುವುದಿಲ್ಲ. ಮೇಲಿನ ಮಹಡಿಯಲ್ಲಿ ಕುರ್ಚಿ ಆಗಲೇ ಸಿದ್ಧವಿತ್ತು.

ಗಂಗಾನಗರದ ಹತ್ತಿರ ಬಸ್ಸು ತಿರುಗುವಾಗ ಮನಸ್ಸು ಗಟ್ಟಿಯಾಯಿತು. ಯಾರು ಎಷ್ಟು ತಡಮಾಡುತ್ತಾರೆಂದು ಇನ್ನು ಯಾರನ್ನೂ ಕೇಳುವುದಿಲ್ಲ, ಅವರು ಹೇಳಲಿ ಎಂದು ಕಾಯುವುದೂ ಇಲ್ಲ. ತಡವನ್ನು ತಂತಿಯಲ್ಲಿ ಬಿಗಿದು ಕಟ್ಟದೆ, ಬೇಕಾದಂತೆ ಹೆಚ್ಚು ಕಡಿಮೆ ಮಾಡುವಂತೆ ಸ್ವಿಚ್ಚಿಗೆ ಒಪ್ಪಿಸುತ್ತೇನೆ. ವಿಳಾಸ ಸಾಲು ಸಾಲು ರಿಜಿಸ್ಟರುಗಳ ಮೂಲಕ ಹಾಯಲಿ. ಎಷ್ಟನೆಯದರಿಂದ ಹೊರಗೆ ತೆಗೆಯಬೇಕೆಂಬುದನ್ನು ಬೋರ್ಡಿನ ಮುಂದಿನ ಅಂಚಿನ ಸಣ್ಣ ತಿರುಗುಸ್ವಿಚ್ಚು ಹೇಳಲಿ. ಅವರು ಮರದ ಕೆಳಗೆ ಏನು ಬೇಕಾದರೂ ತೀರ್ಮಾನಿಸಿಕೊಳ್ಳಲಿ. ಬೆಟ್ಟ ಬಲಕ್ಕೆ ನಡೆದರೆ ಒಂದು ಏರಿಸುತ್ತೇನೆ, ಎಡಕ್ಕೆ ನಡೆದರೆ ಒಂದು ಇಳಿಸುತ್ತೇನೆ.

ಮುಖ್ಯಸ್ಥರು ಒಪ್ಪುವುದು ಸುಲಭವಾಗಲಿಲ್ಲ. "ಎಷ್ಟು ಕ್ಲಾಕ್ ಬೇಕು ಅಂತ ಈಗ ಗೊತ್ತಾಯ್ತಲ್ಲಮ್ಮ, ತಂತಿ ಸುತ್ತಿ ಮುಗಿಸಿ. ಟೈಮ್ ಎಲ್ಲಿದೆ?" ಎಂದರು. ಫೀಲ್ಡಿನಲ್ಲಿ ಹೊಂದಿಸಲು ಅನುಕೂಲವಾಗುತ್ತದೆ ಎಂದೆ. ನಿಜವಾದ ಕಾರಣ ಹೇಳಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿ, ತಡವಾದರೆ ನನ್ನನ್ನು ಕೇಳಬೇಡಿ ಎಂದು ಹೂಂಗುಟ್ಟಿದರು.

ತಡವಾಗಿಯೇಬಿಟ್ಟಿತು. ಬೋರ್ಡಿನಲ್ಲಿ ಒಂದು ಚಿಪ್ಪಿಗೂ ಜಾಗ ಉಳಿದಿರಲಿಲ್ಲ. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಒಂದು ಸಣ್ಣ ಸರ್ಕ್ಯೂಟನ್ನು ಬಹಳ ಆಸೆಪಟ್ಟು ಅದರಲ್ಲಿ ಇಟ್ಟಿದ್ದೆ. ಅದನ್ನು ಕಿತ್ತುಹಾಕಿದೆ. ಆ ಜಾಗದಲ್ಲಿ ರಿಜಿಸ್ಟರುಗಳನ್ನು ಕೂರಿಸಿ, ಸ್ವಿಚ್ಚು ಹೇಳಿದ್ದನ್ನು ಆರಿಸುವ ಚಿಪ್ಪುಗಳನ್ನು ಹಾಕಿ ಓಡಿಸಿದರೆ ಹಳೆಯ ವೇಗದಲ್ಲಿ ಸರಿ, ಹೊಸ ವೇಗದಲ್ಲಿ ಕಕ್ಕಾಬಿಕ್ಕಿ. ಆರಿಸುವ ಚಿಪ್ಪಿಗೇ ತನ್ನದೊಂದು ತಡವಿತ್ತು. ವೇಗಕ್ಕಾಗಿ ಇಷ್ಟೆಲ್ಲ ಮಾಡಿ ಅದನ್ನು ಸ್ವಿಚ್ಚೇ ನುಂಗಿಹಾಕುತ್ತಿತ್ತು. ಎರಡು ದಿನ ಅದರ ಮುಂದೆ ಕೈಕಟ್ಟಿ ಕೂತೆ. ಕೊನೆಗೆ ಆರಿಸುವ ಕೆಲಸಕ್ಕೂ ಒಂದು ಇಡೀ ಬಡಿತವನ್ನೇ ಕೊಟ್ಟು, ಅದರ ಮುಂದೆಯೂ ಒಂದು ರಿಜಿಸ್ಟರ್ ಇಟ್ಟೆ. ಒಟ್ಟು ತಡ ಇನ್ನೊಂದು ಹೆಚ್ಚಿತು. ಹೆಚ್ಚಲಿ. ಎಲ್ಲರ ಸರದಿಯನ್ನೂ ಅಷ್ಟೇ ಹಿಂದಕ್ಕೆ ಸರಿಸಿದ ಮೇಲೆ ಹೊಸ ವೇಗದಲ್ಲಿ ಅಂಕಿಗಳು ನೆಟ್ಟಗೆ ಬರತೊಡಗಿದವು.

ರ‍್ಯಾಕಿಗೆ ಹಾಕಿ ಸ್ವಿಚ್ಚು ತಿರುಗಿಸಿದೆ. ನಡೆಯುತ್ತಿದ್ದ ಬೆಟ್ಟ ತಡವರಿಸಿ ನಿಂತಿತು, ಕುಗ್ಗಿತು, ಗೆರೆ ಸಪಾಟಾಯಿತು. ಈ ಸಲ ಎಲ್ಲರೂ ಇದ್ದರು. ಒಳ್ಳೆಯದಾಯಿತು ಎಂದರು. ಗೆರೆ ಸಪಾಟಾಗಿದ್ದರೆ ನೋಡುವುದಕ್ಕೆ ಏನಿರುತ್ತದೆ, ಸ್ವಲ್ಪ ಹೊತ್ತಿಗೆ ಚದುರಿದರು.

ಪರೀಕ್ಷೆಯ ದಿನ ಮೋಡವಿತ್ತು, ಮಳೆಯಿರಲಿಲ್ಲ. ವ್ಯಾನಿನಲ್ಲಿ ಅವರು ಮೂವರು ಹಿಂದೆ ಮಾತಾಡಿಕೊಂಡು ಬರುತ್ತಿದ್ದರು, ನಾನು ಡ್ರೈವರ್ ಪಕ್ಕದ ಸೀಟಿನಲ್ಲಿ. ಅದೂ ಮರ್ಯಾದೆಯೇ. ಅಲ್ಲಾಳಸಂದ್ರದ ಕೆರೆ ತುಂಬಿ ರಸ್ತೆಯ ಮಗ್ಗುಲಿಗೆ ಬಂದಿತ್ತು. ಶೆಡ್ಡಿನಲ್ಲಿ ರ‍್ಯಾಕನ್ನು ಹಿಂದಿನ ದಿನವೇ ಇಳಿಸಿ ಜೋಡಿಸಿದ್ದರು. ಬಂದ ಅಧಿಕಾರಿಗಳಲ್ಲಿ ಹಿರಿಯರೊಬ್ಬರು ಬಹಳ ಚುರುಕಿನವರು. ಕುರ್ಚಿ ಹಾಕಿದರೂ ಕೂರದೆ ನೇರವಾಗಿ ಸ್ಕೋಪಿನ ಎದುರು ಬಂದು ನಿಂತರು. ಆಂಟೆನಾ ಉತ್ತರಕ್ಕೆ ತಿರುಗಿತು. ನಂದಿ ಬೆಟ್ಟ ಇಲ್ಲಿಂದ ಇನ್ನೂ ಹತ್ತಿರ, ಉಬ್ಬು ಇನ್ನೂ ದೊಡ್ಡದು. ಮುಖ್ಯಸ್ಥರ ಸನ್ನೆಗೆ ನಾನು ಬೋರ್ಡನ್ನು ಚಾಲೂ ಮಾಡಿದೆ.

ಬೆಟ್ಟ ನಡೆಯಿತು. ಈ ಸಲ ಎಡಕ್ಕೆ, ನಮ್ಮ ಕಡೆಗೆ.

ಮುಖ್ಯಸ್ಥರ ಮುಖ ಬಿಳುಚಿಕೊಂಡಿತು. ಆ ಹಿರಿಯ ಅಧಿಕಾರಿ ಪರದೆಗೆ ಬಗ್ಗಿ, ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮೆಮೊರಿಯವರೂ ಅಂಕಿಗಳ ಬೋರ್ಡಿನವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟದಲ್ಲೇ ನನಗೆ ಎಲ್ಲ ತಿಳಿಯಿತು: ಎಲ್ಲಿಂದಲೋ ಚುರುಕಾದ ಮೆಮೊರಿ ಚಿಪ್ಪುಗಳು ಸಿಕ್ಕಿವೆ, ಸೇರಿಸಿದ್ದ ರಿಜಿಸ್ಟರನ್ನು ಇಬ್ಬರೂ ತೆಗೆದುಹಾಕಿದ್ದಾರೆ, ಒಂದು ಬಡಿತ ಉಳಿಯಿತೆಂದು ಖುಷಿಪಟ್ಟಿದ್ದಾರೆ. ನನಗೆ ಹೇಳುವುದು ಮತ್ತೆ ಮರೆತಿದೆ.

ಎಡಕ್ಕೆ ನಡೆದರೆ ಒಂದು ಇಳಿಸಬೇಕು. ಬೋರ್ಡಿನ ಅಂಚಿಗೆ ಕೈ ಹಾಕಿ ಸ್ವಿಚ್ಚನ್ನು ಒಂದು ಮೆಟ್ಟಿಲು ಹಿಂದಕ್ಕೆ ತಿರುಗಿಸಿದೆ. ಬೆಟ್ಟ ನಿಂತಿತು. ಸವೆಯಿತು. ಗೆರೆ ಮಲಗಿತು. ಅಧಿಕಾರಿ ಇನ್ನೂ ಬಗ್ಗಿಯೇ ಇದ್ದರು. ಅಷ್ಟರಲ್ಲಿ ಯಲಹಂಕದ ವಾಯುನೆಲೆಯಿಂದ ತರಬೇತಿ ವಿಮಾನವೊಂದು ಎದ್ದಿರಬೇಕು. ಖಾಲಿ ಗೆರೆಯ ಮೇಲೆ ಒಂದು ಚೂಪಾದ ಸಣ್ಣ ಮೊನೆ ಎದ್ದು, ಬೆಟ್ಟವಿದ್ದ ಜಾಗವನ್ನೇ ಹಾದು ಸರಾಗವಾಗಿ ಸರಿದುಹೋಯಿತು. ಹಳೆಯ ಬೋರ್ಡಿನಲ್ಲಿ ಅದು ಇಷ್ಟು ತೆಳ್ಳಗೆ, ಇಷ್ಟು ಸ್ಪಷ್ಟವಾಗಿ ಎಂದೂ ಕಂಡಿರಲಿಲ್ಲ. ಹಿರಿಯ ಅಧಿಕಾರಿ ನೆಟ್ಟಗಾಗಿ, ಆ ಸ್ವಿಚ್ಚು ಯಾತಕ್ಕೆ ಎಂದು ನನ್ನನ್ನೇ ಕೇಳಿದರು. ಬೇರೆ ಬೋರ್ಡುಗಳಲ್ಲಿ ತಡ ಹೆಚ್ಚು ಕಡಿಮೆಯಾದರೆ ಹೊಂದಿಸಿಕೊಳ್ಳಲು ಎಂದೆ. ಇದೊಂದು ಬುದ್ಧಿವಂತಿಕೆಯ ಕೆಲಸ ಎಂದು ಅವರು ಮುಖ್ಯಸ್ಥರಿಗೆ ಹೇಳಿದರು. ಮುಖ್ಯಸ್ಥರು, ಫೀಲ್ಡಿಗೆ ಅನುಕೂಲವಾಗಲೆಂದು ನಾವೇ ಇಡಿಸಿದ್ದು ಎಂದರು.

ಅಧಿಕಾರಿಗಳ ಜೀಪು ಹೋದ ಮೇಲೆ ಶೆಡ್ಡಿನಲ್ಲಿ ಎಲ್ಲರ ಮೈ ಹಗುರವಾಯಿತು. ಮುಖ್ಯಸ್ಥರು ನನ್ನ ಬಳಿ ಬಂದು, ಮೇಲಿನ ಮಹಡಿಯ ಮಾತು ಮರೆತುಬಿಡಿ, ನಿಮ್ಮ ಬೆಂಚು ನಿಮ್ಮದೇ ಎಂದರು. ಅದೊಂದು ಮಾತಿಗಾಗಿ ಇಡೀ ಮಳೆಗಾಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡಿದ್ದೆ. ಆದ ಸಂತೋಷ ಸುಳ್ಳಲ್ಲ. ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತೆ.

ಮೆಮೊರಿಯವರು ಸ್ಕ್ರೂ ಡ್ರೈವರ್ ಹಿಡಿದು ರ‍್ಯಾಕಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದರು. ಸ್ವಿಚ್ಚನ್ನು ಮುಟ್ಟದೆ, ಹತ್ತಿರದಿಂದ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಮುಖದ ತುಂಬ ನಿಜವಾದ ಮೆಚ್ಚುಗೆಯಿತ್ತು.

"ಸಕತ್ತಾಗಿ ಮಾಡಿದೀರ ಕಣ್ರೀ ಮೇಡಂ," ಎಂದರು. "ಇನ್ಮೇಲೆ ನಾವು ನಿಮಗೆ ಏನೂ ಹೇಳೋ ಅವಶ್ಯಕತೆನೇ ಇಲ್ಲ."

ಉಳಿದವರೂ ಹೌದು ಹೌದು ಎಂದು ತಲೆಯಾಡಿಸಿದರು. ನಾನು ನಕ್ಕು ಥ್ಯಾಂಕ್ಸ್ ಹೇಳಿದೆ.

ಅದಾದ ಮೇಲೂ ಆ ವಿಭಾಗದಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದೆ. ಅವರು ಮಾತಿಗೆ ತಪ್ಪಲಿಲ್ಲ.